ಏಡಿ ಗುರುತಿನ ಕಲ್ಲು

ಕೊತ್ತಲಕ್ಕೆ ಹೊಸದಾಗಿ ಗಾರೆ ಮೆತ್ತುತ್ತಾರೆ ಎಂಬ ಸುದ್ದಿ ಬಂದಾಗ ಕೊತ್ಲಕೋಡಿಯಲ್ಲಿ ಖುಷಿಪಟ್ಟವಳು ಗುಲಾಬಿ ಒಬ್ಬಳೇ. ಉಳಿದವರೆಲ್ಲ ಕೆಂಡವಾಗಿದ್ದರು. ಇಷ್ಟು ವರ್ಷ ಅಲ್ಲಿ ಹಾವು ಮಲಗಿದೆಯೋ ನಾಯಿ ಮಲಗಿದೆಯೋ ಎಂದು ತಿರುಗಿಯೂ ನೋಡದ ಪುರಾತತ್ವ ಇಲಾಖೆಗೆ ಈಗೇನು ಪ್ರೀತಿ ಉಕ್ಕಿಬಂತು ಎಂದು ಗಂಡಸರು ದೋಣಿಯ ನೆರಳಲ್ಲಿ ಕೂತು ಬೈದರು. ಗುಲಾಬಿ ಮಾತ್ರ ಮೀನಿನ ಬುಟ್ಟಿ ಇಳಿಸುತ್ತ, "ಒಳ್ಳೇದೇ ಆಯ್ತ್. ಮೆತ್ಲಿ, ದಪ್ಪಕ್ಕೆ ಮೆತ್ಲಿ" ಎಂದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

ಕೊತ್ಲಕೋಡಿ ಇರುವುದು ನಾವುಂದದಿಂದ ಪಡುವಣಕ್ಕೆ, ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವಿನ ಮರಳು ಹೊಯ್ಗೆಯ ಮೇಲೆ ಸಾಲಾಗಿ ಮೀನುಗಾರರ ಮನೆಗಳು. ಊರು ಮುಗಿಯುವಲ್ಲಿ ಮುರಕಲ್ಲಿನ ಒಂದು ದಿಣ್ಣೆ, ದಿಣ್ಣೆಯ ಮೇಲೆ ಕೊತ್ತಲ. ಯಾವುದೋ ಕಾಲದಲ್ಲಿ ಕಡಲ ಕಾವಲಿಗೆಂದು ಕಟ್ಟಿದ ದುಂಡನೆಯ ಕಲ್ಲುಗೋಪುರ ಅದು. ಮೇಲಿನ ಅರ್ಧ ಎಂದೋ ಬಿದ್ದುಹೋಗಿದೆ. ಉಳಿದ ಅರ್ಧದ ನೆತ್ತಿಯ ಮೇಲೆ ಗೋಳಿಮರವೊಂದು ಬೇರು ಬಿಟ್ಟುಕೊಂಡು ಕೂತಿದೆ. ಒಳಹೋಗಲು ಒಂದೇ ಬಾಗಿಲು, ಎಂಥ ಕುಳ್ಳನಾದರೂ ತಲೆ ಬಗ್ಗಿಸಲೇಬೇಕು.

ಹೊರಗೋಡೆಯ ಕಲ್ಲುಗಳು ಭಾರಿ ಗಾತ್ರದವು. ಒಳಗೋಡೆಯವು ಹಾಗಲ್ಲ. ಹೆಂಗಸೊಬ್ಬಳು ಎರಡು ಕೈಯಲ್ಲಿ ಎತ್ತಬಹುದಾದ ಸಣ್ಣ ಕಲ್ಲುಗಳು, ಒಂದೊಂದರ ಮೇಲೂ ಉಳಿಯಲ್ಲಿ ಗೀರಿದ ಒಂದು ಗುರುತು. ಮೀನು, ಏಡಿ, ಶಂಖ, ಲಂಗರು, ಹೀಗೆ. ಒಂದೊಂದು ಗುರುತು ಊರಿನ ಒಂದೊಂದು ಮನೆಗೆ ಸೇರಿದ್ದು. ಕಡಲು ಗಂಡಸನ್ನು ತೆಗೆದುಕೊಂಡು ಹೆಣವನ್ನು ವಾಪಸು ಕೊಡದೆ ಹೋದರೆ, ಆ ಮನೆಯ ಹೆಂಗಸು ಕೊತ್ತಲದೊಳಗೆ ಹೋಗಿ ತನ್ನ ಮನೆಯ ಗುರುತಿನ ಒಂದು ಕಲ್ಲು ಬಿಡಿಸಬೇಕು. ಬಿಡಿಸಿದ ಸಂದಿಯಲ್ಲಿ ಕೈಯ ಬಳೆಯೊಂದನ್ನು ಇಡಬೇಕು. ಕಲ್ಲನ್ನು ತಲೆಯ ಮೇಲೆ ಹೊರುವಂತಿಲ್ಲ. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ಕಡಲ ಬುಡಕ್ಕೆ ನಡೆದು, ನೀರು ಇಳಿದ ಹೊತ್ತಿನಲ್ಲಿ ಹೊಯ್ಗೆ ತೋಡಿ ಹೂಳಬೇಕು. ಕಲ್ಲಿಗೆ ಕೈಹಾಕಿದ ಗಳಿಗೆಯಿಂದ ಮಾತಾಡುವಂತಿಲ್ಲ, ಅಳುವಂತಿಲ್ಲ. ಮನೆಗೆ ತಿರುಗಿ ಬಂದಾಗ ಹಿರಿಯ ಹೆಂಗಸು ಚೊಂಬಿನಲ್ಲಿ ನೀರು ಹಿಡಿದು ಹೊಸ್ತಿಲಲ್ಲಿ ನಿಂತು "ಬಂದ್ಯಾ?" ಎಂದು ಕೇಳಬೇಕು. ಇವಳು "ಬಂದೆ" ಎನ್ನಬೇಕು. ಕಾಲಿಗೆ ನೀರು ಬಿದ್ದ ಮೇಲೆ ಎಷ್ಟು ಬೇಕಾದರೂ ಅಳಬಹುದು. ಅಲ್ಲಿಗೆ, ಹೋದವನು ಹೋದ. ಸೂತಕ, ಬೊಜ್ಜವೆಂಬ ಉತ್ತರಕ್ರಿಯೆ ಎಲ್ಲ ಅಲ್ಲಿಂದ ಮುಂದೆ.

ಗುಲಾಬಿಯ ಮನೆಯದು ಏಡಿ ಗುರುತು. ಕೊತ್ತಲದಲ್ಲಿ ಏಡಿಯ ಕಲ್ಲು ಉಳಿದಿದ್ದು ಒಂದೇ ಒಂದು. ಅವಳ ಒಬ್ಬನೇ ಮಗ ಸಚಿನ್ ಕಡಲಿನಲ್ಲಿ ಕಾಣೆಯಾಗಿ ಎರಡನೆಯ ಬೇಸಗೆ ನಡೆಯುತ್ತಿತ್ತು. ಆ ಕಲ್ಲು ಸಚಿನ್‌ನದು ಎಂದು ಊರು ತೀರ್ಮಾನಿಸಿಯಾಗಿತ್ತು. ಗುಲಾಬಿ ತೀರ್ಮಾನಿಸಿರಲಿಲ್ಲ. ಗಾರೆ ಮೆತ್ತಿಬಿಟ್ಟರೆ ಇನ್ನು ಯಾವ ಅಪ್ಪನ ಮಗನಿಗೂ ಆ ಕಲ್ಲು ಕೀಳಲು ಬರುವುದಿಲ್ಲ. ಕಲ್ಲು ಗೋಡೆಯಲ್ಲಿರುವ ತನಕ ಮಗ ಎಲ್ಲೋ ಇದ್ದಾನೆ. ಅವಳ ಖುಷಿಯ ಗುಟ್ಟು ಇಷ್ಟೇ.

ಇದನ್ನು ಬರೀ ಮೊಂಡುತನ ಎನ್ನುವವರು ಅವಳ ಅಣ್ಣ ಕುಷ್ಟನನ್ನು ಕಂಡವರಲ್ಲ. ಗುಲಾಬಿಯ ತವರೂ ಕೊತ್ಲಕೋಡಿಯೇ, ಅಲ್ಲಿಯದು ಮೀನಿನ ಗುರುತು. ಅವಳು ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಕುಷ್ಟ ಹೋದ ದೋಣಿ ಗಾಳಿಗೆ ಸಿಕ್ಕಿ ಒಡೆಯಿತು. ಉಳಿದವರ ಹೆಣ ಸಿಕ್ಕಿತು, ಕುಷ್ಟನದು ಸಿಗಲಿಲ್ಲ. ಹಿರಿಯರು ಹೇಳಿದರು, ಅಮ್ಮ ಹೋಗಿ ಕಲ್ಲು ತಂದಳು, ಅಜ್ಜಿ ಹೊಸ್ತಿಲಲ್ಲಿ ನೀರು ಹೊಯ್ದಳು. ಬೊಜ್ಜವೂ ಮುಗಿಯಿತು. ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಕುಷ್ಟ ನಾವುಂದದಲ್ಲಿ ಬಸ್ಸಿಳಿದು, ಯಾರದೋ ದೊಗಳೆ ಅಂಗಿ ಹಾಕಿಕೊಂಡು ನಗುತ್ತ ನಡೆದು ಬಂದ. ಯಾವುದೋ ಹಡಗಿನವರು ಅವನನ್ನು ನೀರಿನಿಂದ ಎತ್ತಿ ಗುಜರಾತಿನ ಬಂದರಿನಲ್ಲಿ ಇಳಿಸಿದ್ದರಂತೆ.

ಅಮ್ಮ ಓಡಿಹೋಗಿ ತಬ್ಬಿಕೊಂಡಳು. ಆದರೆ ಊರು ತಬ್ಬಿಕೊಳ್ಳಲಿಲ್ಲ. ಯಾರೂ ಅವನಿಗೆ ಒಂದು ಕೆಟ್ಟ ಮಾತು ಹೇಳಿದವರಲ್ಲ, ಅದೇ ಕಷ್ಟವಾಗಿದ್ದು. ಅವನು ಬಂದು ಕೂತರೆ ಪಕ್ಕದವರಿಗೆ ಏನೋ ಕೆಲಸ ನೆನಪಾಗುತ್ತಿತ್ತು. ಕಲ್ಲು ಹೂತವನನ್ನು ದೋಣಿಗೆ ಹತ್ತಿಸಿದರೆ ಕಡಲು ಸುಮ್ಮನಿರುತ್ತದಾ ಎಂದು ದೋಣಿಯವರಿಗೆ ಹೆದರಿಕೆ. ಹೆಣ್ಣು ಕೊಡುವವರಿಗೂ ಅದೇ ಹೆದರಿಕೆ. ಮಕ್ಕಳು ಅವನಿಗೆ ಕಲ್ಲ್‌ಕುಷ್ಟ ಎಂದು ಹೆಸರಿಟ್ಟರು. ಜಗಲಿಯಲ್ಲಿ ಕೂತು ಬೇರೆಯವರ ಹರಿದ ಬಲೆ ಕಟ್ಟಿಕೊಡುತ್ತ, ಸಂಜೆಯಾದರೆ ಕುಡಿಯುತ್ತ ಅವನು ಬದುಕಿದ. ಕೊನೆಗೆ ಒಂದು ಬೆಳಿಗ್ಗೆ, ಅಮ್ಮ ಕಲ್ಲು ಹೂತಿದ್ದ ಜಾಗದಲ್ಲೇ, ಹೊಯ್ಗೆಯ ಮೇಲೆ ಸತ್ತು ಬಿದ್ದಿದ್ದ. ಆಗಲೂ ಊರಿನವರು ಇನ್ನೊಮ್ಮೆ ಬೊಜ್ಜ ಮಾಡಬೇಕಾ ಬೇಡವಾ ಎಂದು ಚರ್ಚೆಗೆ ಕೂತರು. ಅವತ್ತು ಗುಲಾಬಿ, ತನ್ನ ಕೈಯಿಂದ ಆ ಕೊತ್ತಲದ ಒಂದು ಕಲ್ಲೂ ಅಲುಗುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು.

ಏಡಿ ಮನೆಯ ಗೋವರ್ಧನನ ಕೈ ಹಿಡಿದ ಮೇಲೆ ಅವಳದು ದುಡಿಮೆಯ ಬದುಕು. ಬೆಳಕು ಹರಿಯುವ ಮೊದಲೇ ದೋಣಿ ಬರುವಲ್ಲಿಗೆ ಹೋಗಿ ಬಂಗುಡೆ, ಬೂತಾಯಿ ಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆ ತಿರುಗುವುದು. ಆಮೇಲೆ ಬಸ್ಸಿನಲ್ಲಿ ತಲ್ಲೂರಿನ ತನಕವೂ ಹೋದಳು. ಕಂಡಕ್ಟರು ಬುಟ್ಟಿಯ ನೀರು ಸೋರುತ್ತದೆ ಎಂದು ಗೊಣಗಿದರೆ, "ನಿಮ್ಮನಿ ಸಾರಿಗೆ ಬೀಳುದೂ ಇದೇ ನೀರ್ ಮರಾಯ್ರೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಗೋವರ್ಧನ ಎದೆನೋವಿನಿಂದ ಮನೆಯಲ್ಲೇ, ಚಾಪೆಯ ಮೇಲೆ ಹೋದ. ಅತ್ತಳು, ಆದರೆ ಕಣ್ಣೆದುರು ಹೋದ ಎಂಬ ಸಮಾಧಾನವಿತ್ತು. ಸಚಿನ್ ದೊಡ್ಡವನಾದ, ಗೆಳೆಯ ಅಶೋಕನ ಜೊತೆ ಪಾಲಿಗೆ ಒಂದು ದೋಣಿ ಮಾಡಿದ, ತಲ್ಲೂರಿನ ವಿನಯಾಳನ್ನು ಮದುವೆಯಾದ. ವಿನಯಾ ಹತ್ತಿರದ ಗೇರುಬೀಜದ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಮೊದಲ ವರ್ಷ ಅತ್ತೆ ಸೊಸೆ ಇಬ್ಬರೂ ಒಂದೇ ತಟ್ಟೆಯಲ್ಲಿ ಹುರಿದ ಮೀನು ಕಿತ್ತಾಡಿಕೊಂಡು ತಿಂದವರು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಆದದ್ದು ಬೇರೆ.

ಮಳೆಗಾಲದ ಒಂದು ಬೆಳಿಗ್ಗೆ ಅಳಿವೆಯ ಬಾಯಲ್ಲಿ ತೆರೆಯೆದ್ದು ದೋಣಿ ಮಗುಚಿತು. ಅಶೋಕ ಈಜಿ ದಡ ಸೇರಿದ. ಸಚಿನ್ ಸೇರಲಿಲ್ಲ.

"ಮುಳ್ಗಿದ್ದ್ ಕಂಡ್ಯಾ?" ಎಂದು ಗುಲಾಬಿ ಅಶೋಕನ ಅಂಗಿ ಹಿಡಿದು ಕೇಳಿದಳು.

"ಇಲ್ಲೆ ಅಮ್ಮ. ಖಾಲಿ ಡಬ್ಬಿ ಹಿಡ್ಕಂಡಿದ್ದ. ಒಂದ್ ದೊಡ್ಡ ತೆರಿ ಬಂತ್. ಮತ್ತೆ ಕಾಣ್ಲಿಲ್ಲೆ."

"ಹಂಗಾರೆ ಮುಳ್ಗಿದ್ದ್ ನೀ ಕಾಣ್ಲಿಲ್ಲೆ."

ಗುಲಾಬಿಗೆ ಅಷ್ಟು ಸಾಕಾಯಿತು. ಗೋವಾ, ರತ್ನಾಗಿರಿ, ಪೋರ್‌ಬಂದರು, ಎಲ್ಲೆಲ್ಲಿ ಊರಿನ ಹುಡುಗರು ದೋಣಿಯಲ್ಲಿದ್ದಾರೋ ಅಲ್ಲೆಲ್ಲ ಫೋನು ಮಾಡಿಸಿದಳು. ಮುಂಬಯಿಯ ಹೋಟೆಲಿನಲ್ಲಿದ್ದ ದೂರದ ಸಂಬಂಧಿಕನನ್ನು ಬಂದರಿಗೆ ಓಡಿಸಿದಳು. ಎಲ್ಲಿಂದಲೂ ಸುದ್ದಿ ಇಲ್ಲ. ಹಿರಿಯರು ಬಂದು ಜಗಲಿಯಲ್ಲಿ ಕೂತು ಕಲ್ಲಿನ ಮಾತೆತ್ತಿದಾಗ, ಕುಷ್ಟಣ್ಣನ ಹೆಸರು ಹೇಳಿ ಅವರನ್ನು ಎಬ್ಬಿಸಿ ಕಳಿಸಿದಳು.

ವಿನಯಾ ಕೇಳಿದ್ದು ಒಂದೇ ಸಲ. "ಅತ್ತೆ, ಅವ್ರಿಗೆ ಒಂದ್ ನೆಲೆ ಅಂತ ಬೇಡ್ದಾ? ಕಲ್ಲ್ ತಕಂಡ್ ಬಪ್ಪುದಾ?"

"ನಿಂಗೆ ತಲ್ಲೂರಿಗ್ ಹೋಪುಕ್ ಅಷ್ಟ್ ಅವಸ್ರವಾ? ಬೇರೆ ಗಂಡ್ ಕಂಡಿಟ್ಟಿದ್ರಾ ನಿನ್ ಅಪ್ಪ ಅಮ್ಮ?" ಎಂದುಬಿಟ್ಟಳು ಗುಲಾಬಿ.

ಬಾಯಿಂದ ಬಿದ್ದ ಮಾತು ಹೆಕ್ಕಲು ಬರುವುದಿಲ್ಲ. ವಿನಯಾ ಮತ್ತೆ ಆ ವಿಷಯ ತೆಗೆಯಲಿಲ್ಲ. ತಲ್ಲೂರಿನಿಂದ ಅವಳಮ್ಮ ಬಂದು, ವಯಸ್ಸಿನ್ನೂ ಚಿಕ್ಕದು, ಸ್ವಲ್ಪ ದಿನ ಮನೆಯಲ್ಲಿರಲಿ ಎಂದರೆ ವಿನಯಾಳೇ ಬೇಡವೆಂದಳು. ಬೆಳಿಗ್ಗೆ ಕಾರ್ಖಾನೆಗೆ ಹೊರಡುವಾಗ ಅವಳ ಹಣೆಯ ಕುಂಕುಮ, ಕೊರಳ ಕರಿಮಣಿ ಸರಿಯಾಗಿದೆಯಾ ಎಂದು ಗುಲಾಬಿ ಕಣ್ಣಲ್ಲೇ ತಪಾಸಣೆ ಮಾಡುತ್ತಿದ್ದಳು. ಕುಂಕುಮ ಚೂರು ಮಾಸಿದ್ದರೂ ರಂಪ. ವಿನಯಾ ಎದುರಾಡದೆ ಒಳಗೆ ಹೋಗಿ ಇಟ್ಟುಕೊಂಡು ಬರುತ್ತಿದ್ದಳು. ಕಳೆದ ವರ್ಷದ ಬೇಸಗೆಯಿಂದ ಈಚೆಗಂತೂ ಬೇಕಾದಷ್ಟೇ ಮಾತು. ಗುಲಾಬಿ ನೆರೆಮನೆಯವರ ಹತ್ತಿರ ದೂರುತ್ತಿದ್ದಳು: "ಗಂಡ ಕಡ್ಲಂಗ್ ಕಾಣ್ದಿದ್ದ್ರೂ ಒಂದ್ ದಿನ ಬಾಯ್ಬಿಟ್ಟ್ ಅತ್ತದ್ದಿಲ್ಲೆ ಕಾಣಿ. ಎದಿಯೊಳ್ಗೆ ಎಂತ ಇತ್ತೋ ಆ ಹೆಣ್ಣಿಗೆ." ಕೇಳಿದವರು ಹೂಂ ಎನ್ನುತ್ತಿದ್ದರು. ಅಶೋಕನೊಬ್ಬ ಮಾತ್ರ ಆ ಮಾತು ಬಂದಾಗ ಎದ್ದು ಹೋಗುತ್ತಿದ್ದ.

ಹೀಗಿರುವಾಗ ಗಾರೆಯ ಸುದ್ದಿ ಬಂದದ್ದು. ಸುಣ್ಣದ ಚೀಲಗಳು ಬಂದು ಬಿದ್ದವು, ಮೇಸ್ತ್ರಿಯೂ ಬಂದ. ಸೋಮವಾರದಿಂದ ಕೆಲಸ ಶುರು ಎಂದು ತಿಳಿದು, ಶನಿವಾರ ಮೀನು ಮಾರಿ ಬಂದವಳೇ ಗುಲಾಬಿ ದಿಣ್ಣೆ ಹತ್ತಿದಳು. ಮೇಸ್ತ್ರಿಯನ್ನು ಕಂಡು, ಬಾಗಿಲಿನ ಎಡಗಡೆ ಏಡಿ ಗುರುತಿನ ಕಲ್ಲೊಂದಿದೆ, ಅದರ ಸುತ್ತ ಎರಡು ಕೈ ಹೆಚ್ಚು ಮೆತ್ತು ಎಂದು ಹೇಳಿ ಬರುವುದು ಅವಳ ಲೆಕ್ಕಾಚಾರ. ಅವನಿಗೆ ಕೊಡಲೆಂದು ನಾಲ್ಕು ಒಳ್ಳೆಯ ಬಂಗುಡೆಯನ್ನೂ ಎಲೆಯಲ್ಲಿ ಸುತ್ತಿ ತಂದಿದ್ದಳು.

ಆದರೆ ಅಲ್ಲಿ ಜನ ಸೇರಿತ್ತು. ಕುಂದಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಪ್ರೇಮಾನಂದ ಮಾಷ್ಟ್ರು ಸಾಲಿಗ್ರಾಮದಿಂದ ಒಂದು ವ್ಯಾನು ತುಂಬ ಜನರನ್ನು ಕರೆದುಕೊಂಡು ಬಂದಿದ್ದರು. ಹಳೆಯ ಕೋಟೆ, ಶಾಸನ ಎಂದರೆ ಊಟ ಬಿಡುವ ಮನುಷ್ಯ ಅವರು. ವ್ಯಾನಿನವರಲ್ಲಿ ಕೆಲವರು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದರು, ಕೆಲವರು ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಮೇಸ್ತ್ರಿಯೂ ಕೈಕಟ್ಟಿ ನಿಂತು ಕೇಳುತ್ತಿದ್ದ. ಮಾಷ್ಟ್ರು ಗುಲಾಬಿಯನ್ನು ಕಂಡು, "ಬನ್ನಿ ಗುಲಾಬಕ್ಕ, ಒಳಗೆ ಬನ್ನಿ" ಎಂದರು. ಅವಳು ಕೈ ಆಡಿಸಿ ಬೇಡವೆಂದಳು. ಕೊತ್ಲಕೋಡಿಯ ಹೆಂಗಸರು ಕಲ್ಲು ತರಲಿಕ್ಕಲ್ಲದೆ ಆ ಬಾಗಿಲು ದಾಟುವುದಿಲ್ಲ. ಹೊರಗೇ ಸುಣ್ಣದ ಚೀಲಗಳ ಪಕ್ಕ ನಿಂತಳು. ಮಾಷ್ಟ್ರ ದನಿ ದೊಡ್ಡದು, ಕೇಳಿಸುತ್ತಿತ್ತು.

"ಆರುನೂರು ವರ್ಷದ ಹಿಂದೆ ಅಂತ ಇಟ್ಟುಕೊಳ್ಳಿ. ಈ ಹೊಳೆಯಲ್ಲಿ ಅಕ್ಕಿ ತುಂಬಿದ ದೋಣಿಗಳು ಬಂದು ಕಡಲಿನ ಹಡಗಿಗೆ ಸೇರುತ್ತಿದ್ದವು. ಅಕ್ಕಿ ಇದ್ದಲ್ಲಿ ದರೋಡೆಯವರೂ ಇರ್ತಾರೆ. ಈ ಸೀಮೆಯ ಅರಸು ಕಾವಲಿಗೆ ಕೊತ್ತಲ ಕಟ್ಟಿಸಿದ. ಕಟ್ಟಿಸಿದ ಅಂದರೆ ಎಂತ, ಅಪ್ಪಣೆ ಕೊಟ್ಟ. ಕಟ್ಟಿದವರು ಈ ಊರಿನವರು. ಕಡಲ ದಡದ ಒಂದೊಂದು ಮನೆಯೂ ಇಂತಿಷ್ಟು ಕಲ್ಲು ಕಡಿದು ತಂದು, ತಂದದ್ದಕ್ಕೆ ಸಾಕ್ಷಿಯಾಗಿ ತನ್ನ ಗುರುತು ಹಾಕಿ ಒಪ್ಪಿಸಬೇಕು, ಸರದಿಯಲ್ಲಿ ಒಬ್ಬ ಗಂಡಸನ್ನು ಕಾವಲಿಗೂ ಕಳಿಸಬೇಕು. ಇಷ್ಟು ಇಲ್ಲಿಯ ಒಂದು ಶಾಸನದಲ್ಲೇ ಇದೆ."

"ಆಪತ್ತು ಬಂದರೆ ಊರಿನವರೆಲ್ಲ ಇದರೊಳಗೆ ಸೇರಿಕೊಳ್ಳುತ್ತಿದ್ದರಾ ಸರ್? ಎಷ್ಟು ಜನ ಹಿಡಿಯಬಹುದು?" ವ್ಯಾನಿನಲ್ಲಿ ಬಂದ ಹೆಂಗಸೊಬ್ಬರು ಕೇಳಿದರು.

"ಇಲ್ಲಿ ಕಾಣಿ, ನೆಲದಿಂದ ಮೇಲೆ ಕಲ್ಲಿನ ಕಟ್ಟೆ. ಥಂಡಿ ತಾಗದ ಹಾಗೆ, ಹುಲ್ಲಿನಲ್ಲಿ ಕಟ್ಟಿದ ಅಕ್ಕಿಮುಡಿ ಇಡುವ ಜಾಗ ಇದು. ಜನರಿಗೆ ಅಂತ ಕಟ್ಟಿದ್ದೇ ಅಲ್ಲ." ಮಾಷ್ಟ್ರು ಬಾಗಿಲಿನ ಹತ್ತಿರ ಬಂದು ಗೋಡೆಯಲ್ಲಿದ್ದ ಎರಡು ತೂತುಗಳಲ್ಲಿ ಕೈ ಹಾಕಿ ತೋರಿಸಿದರು. "ಅಡ್ಡಕ್ಕೆ ದಪ್ಪ ಮರ ಕೊಟ್ಟು ಬಾಗಿಲು ಭದ್ರ ಮಾಡುವ ತೂತು ಇದು. ಒಳಗಿನಿಂದ ಮಾತ್ರ. ಇನ್ನು ನಾನು ಹೇಳುವುದು ಶಾಸನದಲ್ಲಿಲ್ಲ, ಈ ಕಡೆಯ ಹಳಬರು ಹೇಳಿದ್ದು. ಒಂದು ಸಲ ಹಡಗುಗಳು ಬಂದವು. ಅರಸಿನ ಜನ ಅಕ್ಕಿಯ ಜೊತೆ ಒಳಗೆ ಸೇರಿ ಅಡ್ಡಮರ ಹಾಕಿಕೊಂಡರು. ಊರಿನವರು ಓಡಿ ಬಂದು ಬಾಗಿಲು ಬಡಿದರು. ತೆಗೆಯಲಿಲ್ಲ. ಮಕ್ಕಳನ್ನು ಎತ್ತಿ ಹಿಡಿದು ಬಡಿದರಂತೆ. ತೆಗೆಯಲಿಲ್ಲ. ಬಂದವರು ಹೊಯ್ಗೆಯ ಮೇಲೆ ಕೈಗೆ ಸಿಕ್ಕಿದ ಪ್ರಾಯದವರನ್ನೆಲ್ಲ ಕಟ್ಟಿ ಹಡಗಿಗೆ ಹಾಕಿಕೊಂಡು ಹೋದರು. ಒಳಗಿದ್ದವರಿಗೆ ಎಲ್ಲ ಕೇಳಿಸುತ್ತಿತ್ತು. ಮುಡಿ ಲೆಕ್ಕ ಮಾತ್ರ ಒಂದೂ ತಪ್ಪಲಿಲ್ಲ."

ಟೋಪಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದವರ ಕೈ ನಿಂತಿತು. ಹುಟ್ಟಿದಾಗಿನಿಂದ ಈ ಕೊತ್ತಲವನ್ನು ಕಂಡವಳು ಗುಲಾಬಿ. ಇದು ನಮ್ಮನ್ನು ಕಾಯಲು ಕಟ್ಟಿದ್ದೆಂದೇ ತಿಳಿದಿದ್ದಳು.

"ಉಳಿದವರು ಎಂತ ಮಾಡಿದರು ಅಂದರೆ," ಮಾಷ್ಟ್ರು ಮುಂದುವರಿಸಿದರು, "ಹಡಗು ಹೋದ ಮೇಲೆ ಹೆಂಗಸರು ಒಳಗೆ ನುಗ್ಗಿದರು. ಹೋದ ಮಗನೊಬ್ಬನಿಗೆ ಒಂದರಂತೆ, ತಮ್ಮ ಗುರುತಿನ ಕಲ್ಲನ್ನು ಕಿತ್ತು ತಂದರು. ನಮ್ಮವರನ್ನು ಕಾಯದ ಗೋಡೆಯಲ್ಲಿ ನಮ್ಮ ಕಲ್ಲು ಯಾಕೆ ಅಂತ. ಈಗ ಇಲ್ಲಿಯವರು ಕಡಲಿನಲ್ಲಿ ಸತ್ತವರಿಗೆ ಕಲ್ಲು ತೆಗೆಯುತ್ತಾರೆ. ಆದರೆ ಮೊದಲು ತೆಗೆದದ್ದು ಸತ್ತವರಿಗಲ್ಲ. ಹಡಗಿನಲ್ಲಿ ಹೋದವರು ಬದುಕಿದ್ದರೋ ಸತ್ತರೋ ಯಾರಿಗೂ ಗೊತ್ತಿರಲಿಲ್ಲ ಅಲ್ದಾ? ಎಲ್ಲೇ ಇರಲಿ, ಅವನು ನಮ್ಮ ಮನೆಯವನು ಅನ್ನುವುದಕ್ಕೆ ತೆಗೆದ ಕಲ್ಲು ಅದು."

ಗುಲಾಬಿ ಸುಣ್ಣದ ಚೀಲದ ಮೇಲೆ ಕೂತಳು. ಕುಷ್ಟಣ್ಣ ಬಸ್ಸಿಳಿದು ನಗುತ್ತ ಬಂದದ್ದು ಕಣ್ಣ ಮುಂದೆ ಬಂತು. ಅಮ್ಮ ಕಲ್ಲು ತಂದಿದ್ದರಿಂದ ಅಣ್ಣ ಸತ್ತ ಎಂದು ಒಂದು ಜನ್ಮವಿಡೀ ಅಮ್ಮನ ಮೇಲೆ ಮುನಿದಿದ್ದಳು. ಸಾಯುವ ಕಾಲದಲ್ಲೂ ಅಮ್ಮನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಕಲ್ಲು ಎಂತ ಮಾಡಿತ್ತು ಪಾಪ! ಅವನನ್ನು ಕೊಂದದ್ದು ಪಕ್ಕದಿಂದ ಎದ್ದು ಹೋದವರು, ದೋಣಿಗೆ ಹತ್ತಿಸದವರು. ಅವನು ಬಾಗಿಲು ಬಡಿಯುತ್ತಲೇ ಇದ್ದ, ಇಡೀ ಊರು ಅಡ್ಡಮರ ಹಾಕಿಕೊಂಡು ಕೂತಿತ್ತು.

ಹಾಗಾದರೆ ಸಚಿನ್‌ಗೆ ಕಲ್ಲು ತೆಗೆದರೆ ಅವನನ್ನು ಸಾಯಿಸಿದಂತಲ್ಲ. ಬರಬೇಕಾದವನು ಬಂದರೆ ಬಾಗಿಲು ತೆಗೆಯಲು ಅವಳಿದ್ದಾಳೆ. ಬಾರದಿದ್ದರೆ? ಬರುವುದಿಲ್ಲ ಎಂದು ಅವಳ ಹೊಟ್ಟೆಗೆ ಯಾವಾಗಲೋ ತಿಳಿದಿತ್ತು. ಕಡಲಿನ ಪಕ್ಕ ಹುಟ್ಟಿ ಬೆಳೆದವಳಿಗೆ ಅಳಿವೆಯ ತೆರೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ತಿಳಿದದ್ದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ, ಅಷ್ಟೇ. ಸೋಮವಾರ ಗಾರೆ ಬೀಳುತ್ತದೆ. ಅದಕ್ಕೆ ಮೊದಲು ಮಗನ ಕಲ್ಲನ್ನು ಈ ಗೋಡೆಯಿಂದ ಬಿಡಿಸಬೇಕು. ಇವತ್ತೇ, ಈಗಲೇ.

ವ್ಯಾನಿನವರು ಕಡಲು ನೋಡಲು ಇಳಿದು ಹೋದರು. ಗುಲಾಬಿ ಎದ್ದು ಸೆರಗು ಬಿಗಿದು, ತಲೆ ತಗ್ಗಿಸಿ, ಆ ಬಾಗಿಲು ದಾಟಿದಳು. ಒಳಗೆ ಬಾವಲಿಯ ವಾಸನೆ. ಕಣ್ಣು ಹೊಂದುವ ತನಕ ನಿಂತು ಎಡಗಡೆ ತಿರುಗಿದಳು. ಸಚಿನ್ ಕಾಣೆಯಾದ ಆ ವಾರ ಇದೇ ಬಾಗಿಲಲ್ಲಿ ಬಗ್ಗಿ ನಿಂತು, ಏಡಿ ತನ್ನ ಜಾಗದಲ್ಲೇ ಇದೆ ಎಂದು ಕಣ್ಣಾರೆ ಕಂಡುಹೋಗಿದ್ದಳು. ಶಂಖದ ಕಲ್ಲಿನ ಪಕ್ಕದಲ್ಲಿ. ಕೈಯಾಡಿಸಿದಳು. ಶಂಖ ಸಿಕ್ಕಿತು. ಅದರ ಪಕ್ಕದಲ್ಲಿ ಕೈ ಸೀದಾ ಒಳಗೆ ಹೋಯಿತು.

ಕಲ್ಲು ಇರಲಿಲ್ಲ. ಖಾಲಿ ಸಂದಿಯ ಅಂಚಿನಲ್ಲಿ ಹೋದ ಮಳೆಗಾಲದಲ್ಲಿ ಹುಟ್ಟಿದ ಜರಿಗಿಡವೊಂದು ಒಣಗಿ ನಿಂತಿತ್ತು. ಯಾರು ತೆಗೆದರು? ಬೇರೆ ಮನೆಯವರು ಏಡಿಯ ಕಲ್ಲು ಮುಟ್ಟುವವರಲ್ಲ. ಇನ್ನಷ್ಟು ಒಳಗೆ ಬೆರಳು ಚಾಚಿದಳು. ಗಾಜು ತಗುಲಿತು. ಹೊರಗೆ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ಹಸಿರು ಬಳೆ, ಮೇಲೆ ಚಿನ್ನದ ಬಣ್ಣದ ಚುಕ್ಕಿ. ಮದುವೆಯ ವರ್ಷ ಸಾಲಿಗ್ರಾಮದ ಬಳೆ ಅಂಗಡಿಯಲ್ಲಿ, ಬೇಡ ಅತ್ತೆ ಅಂದರೂ ಕೇಳದೆ, ಗುಲಾಬಿಯೇ ಸೊಸೆಯ ಕೈಗೆ ತೊಡಿಸಿದ್ದ ಬಳೆ.

ಮೇಸ್ತ್ರಿ ಬಾಗಿಲಲ್ಲಿ ಬಗ್ಗಿ ಕೇಳಿದ. "ಅಮ್ಮಾ, ಈ ತೂತೆಲ್ಲ ಹೊಸ ಕಲ್ಲು ಹಾಕಿ ಮುಚ್ಚಿ ಅಂತ ಹೇಳಿದ್ದಾರೆ. ಇದನ್ನೂ ಮುಚ್ಚುದಲ್ವಾ?"

ಗುಲಾಬಿ ಬಳೆಯನ್ನು ಮೊದಲಿದ್ದಲ್ಲೇ ಇಟ್ಟಳು. "ಮುಚ್ಚಿ. ಒಳ್ಗೊಂದ್ ಬಳೆ ಇತ್ತ್. ಅದ್ನ ಮಾತ್ರ ತೆಗೀಬೇಡಿ" ಎಂದಳು. ಎಲೆಯಲ್ಲಿ ಸುತ್ತಿದ ಬಂಗುಡೆಯನ್ನು ಅವನ ಕೈಗಿತ್ತು ದಿಣ್ಣೆ ಇಳಿದಳು.

ದಾರಿಯಲ್ಲಿ ಅಶೋಕ ದೋಣಿಗೆ ಬಣ್ಣ ಬಳಿಯುತ್ತಿದ್ದ. ಇವಳು ಬರುವ ದಿಕ್ಕು ನೋಡಿ, ಮುಖ ನೋಡಿ, ಬ್ರಷ್ಷು ಕೆಳಗಿಟ್ಟ.

"ನಿಂಗೆ ಗೊತ್ತಿದಿತ್ತಾ?" ಎಂದಳು.

"ಕಂಡಿದ್ದೆ ಅಮ್ಮ. ವಿನಯಾ ಕಲ್ಲ್ ಹಿಡ್ಕಂಡ್ ಬಪ್ಪತಿಗೆ ಎದ್ರಿಗ್ ಸಿಕ್ಕಿತ್. ನಾ ಮುಖ ತಿರ್ಗ್ಸಿ ನಿಂತೆ. ಹೇಳ್ಬೇಡ ಅಂತ ಅದ್ ಬಾಯ್ಬಿಟ್ಟ್ ಹೇಳ್ಲಿಲ್ಲೆ. ನಾನೇ ಹೇಳ್ಲಿಲ್ಲೆ."

ಗುಲಾಬಿ ಮನೆಗೆ ಬಂದಳು. ಒಲೆ ಹಚ್ಚಲಿಲ್ಲ, ಮೀನಿನ ಬುಟ್ಟಿ ತೊಳೆಯಲಿಲ್ಲ. ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿಸಿ, ಬಾಗಿಲ ಮೂಲೆಯಲ್ಲಿಟ್ಟು ಕೂತಳು. ಒಂದು ವರ್ಷ. ಅದಕ್ಕೂ ಹೆಚ್ಚೇ ಇರಬೇಕು. ಅಷ್ಟು ದಿನ ಆ ಹುಡುಗಿ ಬೆಳಿಗ್ಗೆ ಕುಂಕುಮ ಇಟ್ಟುಕೊಂಡು ಇವಳೆದುರು ನಿಂತದ್ದು, ಬೈಸಿಕೊಂಡು ಮತ್ತೆ ಒಳಗೆ ಹೋಗಿ ಇಟ್ಟುಕೊಂಡದ್ದು, ಎಲ್ಲ ಒಂದೊಂದಾಗಿ ನೆನಪಾಯಿತು. ಎದೆಯೊಳಗೆ ಎಂತ ಇತ್ತೋ ಎಂದು ಊರೆಲ್ಲ ಆಡಿಕೊಂಡು ಬಂದದ್ದೂ ನೆನಪಾಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು. ಒಳಗೆ ಕೂತು ಅಡ್ಡಮರ ಹಾಕಿಕೊಂಡವಳು ತಾನೂ ಹೌದಲ್ಲ.

ಸಂಜೆ ವಿನಯಾ ಕಾರ್ಖಾನೆಯಿಂದ ಬಂದಳು. ಗೇರುಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ಬೆರಳುಗಳಲ್ಲಿ ಚೀಲ ಹಿಡಿದು, ಯಾವತ್ತಿನಂತೆ ತಲೆ ತಗ್ಗಿಸಿಕೊಂಡು ಅಂಗಳ ದಾಟಿದವಳು ಹೊಸ್ತಿಲ ಮುಂದೆ ನಿಂತುಬಿಟ್ಟಳು. ಅತ್ತೆ ಬಾಗಿಲಿನಲ್ಲಿ ನಿಂತಿದ್ದಳು. ಕೈಯಲ್ಲಿ ಚೊಂಬು.

"ಬಂದ್ಯಾ ಮಗಾ?" ಎಂದಳು ಗುಲಾಬಿ.

ವಿನಯಾ ಚೊಂಬು ನೋಡಿದಳು, ಅತ್ತೆಯ ಮುಖ ನೋಡಿದಳು. ಚೀಲ ಕೈಯಿಂದ ಜಾರಿತು. ಗುಲಾಬಿ ಇನ್ನೊಮ್ಮೆ ಕೇಳಿದಳು, "ಬಂದ್ಯಾ?"

"ಬಂದೆ" ಎಂದಳು ವಿನಯಾ. ಎಂದವಳೇ ಅಂಗಳದಲ್ಲೇ ಕುಕ್ಕರಿಸಿ, ನೆರೆಮನೆಯವರು ಓಡಿಬರುವ ಹಾಗೆ ಅತ್ತಳು. ಬಂದವರು ಚೊಂಬು ಕಂಡು ಬೇಲಿಯ ಆಚೆಗೇ ನಿಂತರು.

"ನಂಗೊಂದ್ ಮಾತ್ ಹೇಳುಕಾತಿರ್ಲಿಲ್ಯಾ?" ಎಂದಳು ಗುಲಾಬಿ.

"ಹೆಂಗ್ ಹೇಳುದ್ ಅತ್ತೆ? ಕಲ್ಲ್ ತೆಗ್ದದ್ದ್ ಊರಿಗ್ ಗೊತ್ತಾರೆ, ನಾಳೆ ಅವ್ರ್ ಬಂದ್ರೆ ಕುಷ್ಟಮಾವನ್ ಹಾಂಗೇ ಆತಿತ್ತಲ್ದಾ? ನಂಗೆ ಅವ್ರಿಗೊಂದ್ ನೆಲೆ ಬೇಕಿದಿತ್ತ್. ಯಾರಿಗೂ ಗೊತ್ತಿಲ್ದಿರೆ, ಬಂದ್ರೂ ಬಪ್ಪುಕೊಂದ್ ದಾರಿ ಇರತ್ತ್ ಅಂದೇಳಿ..." ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. "ಹೂತಿಟ್ಟ್ ಮನಿಗ್ ಬಂದೆ. ನೀವ್ ಮೀನಿಗ್ ಹೋಯಿದ್ರಿ. ಕೇಂಬುಕ್ ಯಾರೂ ಇಲ್ಲೆ. ಇಲ್ಲೇ ನಿಂತಿದ್ದೆ, ಸುಮಾರ್ ಹೊತ್ತ್. ಮತ್ತೆ ನೀವ್ ಬಂದ್ರಿ. ಉಳ್ದ ಬೂತಾಯಿ ಕೈಗ್ ಕೊಟ್ಟ್, ಉಪ್ಪ್ ಹಾಕಿಡ್ ಅಂದ್ರಿ. ಹಾಕಿಟ್ಟೆ."

ಗುಲಾಬಿಗೆ ಆ ದಿನ ನೆನಪಾಗಲಿಲ್ಲ. ಎಷ್ಟೋ ದಿನ ಬೂತಾಯಿ ಉಳಿಯುತ್ತಿತ್ತು, ಎಷ್ಟೋ ದಿನ ಉಪ್ಪು ಹಾಕಿಡು ಎಂದಿದ್ದಳು.

"ಎಲ್ಲ್ ಹೂತಿದ್ದೆ ಮಗಾ?"

"ಜೋಡಿ ತೆಂಗಿನ್ ಮರ ಇದಿತ್ತಲ್ಲ, ಅದ್ರ್ ಬುಡ್ದಂಗೆ."

ಜೋಡಿ ತೆಂಗಿನ ಮರ ಇದ್ದದ್ದು ಬೇಲಿಯ ಆಚೆ ನಿಂತವರಿಗೂ ಗೊತ್ತಿತ್ತು. ಹೋದ ಮಳೆಗಾಲದ ಕಡಲ್ಕೊರೆತಕ್ಕೆ ಮೊದಲು ಹೊಯ್ಗೆ ಹೋಯಿತು, ಆಮೇಲೆ ಆ ಎರಡು ಮರಗಳೂ ಹೋದವು. ಈಗ ಅಲ್ಲಿ ಲಾರಿಯಲ್ಲಿ ತಂದು ಸುರಿದ ಬಂಡೆಗಳಿವೆ, ಅದರ ಆಚೆ ನೀರು. ಕಲ್ಲನ್ನೂ ಕಡಲು ತೆಗೆದುಕೊಂಡಿತ್ತು. ಹೋಗಿ ಕೂತು ಅಳಲು ಸಚಿನ್‌ನದು ಅಂತ ಒಂದು ಮೊಳ ಜಾಗವೂ ಉಳಿದಿರಲಿಲ್ಲ. ಅದು ಹೋದ ದಿನ ಕೂಡ ಈ ಹುಡುಗಿ ಒಬ್ಬಳೇ ನಿಂತು ನೋಡಿ, ಮನೆಗೆ ಬಂದು ಅನ್ನಕ್ಕೆ ಇಟ್ಟಿರಬೇಕು.

ಗುಲಾಬಿ ಹೊಸ್ತಿಲು ಇಳಿದು ಬಂದಳು. ಬಗ್ಗಿ, ಸೊಸೆಯ ಕಾಲಿಗೆ ನೀರು ಹೊಯ್ದಳು. ಅರ್ಧ ನೀರು ನೆಲಕ್ಕೇ ಬಿತ್ತು. ಉಳಿದದ್ದರಲ್ಲಿ ಒಂದು ಕಾಲು ತೊಳೆದಳು, ಇನ್ನೊಂದನ್ನು ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ರಟ್ಟೆ ಹಿಡಿದು ಎಬ್ಬಿಸಿದಳು.

"ಬಾ," ಎಂದಳು. "ಒಳ್ಗ್ ಬಾ."